ಒಂದು ಪ್ರಾರ್ಥನೆಯ ಹೊತ್ತು

ಹಸಿ ಹಿಟ್ಟು ಬಿಸಿ ಕಬ್ಬಿಣಕ್ಕೆ ತಗುಲಿದಾಗ ಏಳುವ ಆ ವಾಸನೆ, ಸ್ವಲ್ಪ ಸಿಹಿ, ಸ್ವಲ್ಪ ಆಗಷ್ಟೇ ಇಸ್ತ್ರಿ ಮಾಡಿದ ಬಟ್ಟೆಯದು, ಅವಳಿಗೆ ಆಗ ಏಳು ವರ್ಷ, ಅಮ್ಮನ ತೋಳಿಗೆ ಮುಖ ಒತ್ತಿದರೆ ಅಲ್ಲೂ ಅದೇ, ಶನಿವಾರವೆಂದರೆ ಅದೇ ವಾಸನೆ, ಇನ್ನೇನು ಮೂಗಿಗೆ ಬಂತು ಅನ್ನುವಷ್ಟರಲ್ಲಿ ಕಮಟು — ಮತ್ತೆ ಸೀದಿತು. ಹನ್ನೊಂದನೆಯದು. ರೊಟ್ಟಿಯಮ್ಮ ಎಡಗೈಯಿಂದ ಅಚ್ಚಿನ ಉದ್ದನೆಯ ಹಿಡಿ ಬಿಡಿಸಿ ಕಪ್ಪಾದ ತೆಳು ಹಾಳೆಯನ್ನು ಬೋಗುಣಿಗೆ ಕೆಡವಿದಳು, ಬಲಗೈ ಮಡಿಲಲ್ಲಿ ಬಿದ್ದುಕೊಂಡಿದೆ, ನೆಂಟರ ಮನೆಗೆ ಬಂದವರ ಹಾಗೆ, ಒಂದು ಕೆಲಸಕ್ಕೂ ಏಳದೆ. ಲಕ್ವ ಹೊಡೆದು ಮೂರು ತಿಂಗಳು, ಆಮೇಲೆ ಅಚ್ಚು ಹಿಡಿದದ್ದು ಇವತ್ತೇ. ಮಧ್ಯಾಹ್ನ ಎರಡು ಗಂಟೆಯೊಳಗೆ ಹತ್ತು ಹಾಳೆ ಆಗಬೇಕು, ಹಾಳೆಗೆ ಹನ್ನೆರಡು ಬಿಲ್ಲೆ, ನಾಳೆ ಆರಾಧನೆಯಲ್ಲಿ ಸಭೆಯವರಿಗೆ ಹಂಚುವ ಕರ್ತನ ಭೋಜನಕ್ಕೆ, ಆಗದಿದ್ದರೆ ಪೇಟೆಯ ಪ್ಯಾಕೆಟ್ಟಿನ ಬಿಲ್ಲೆ, ಸಭಾಪಾಲಕರು ಬೆಳಿಗ್ಗೆ ಬಂದು ಹೇಳಿ ಹೋಗಿದ್ದಾರೆ, ಒಳ್ಳೆಯ ಮನುಷ್ಯ, ಹೇಳುವಾಗ ಚಪ್ಪಲಿಯನ್ನೇ ನೋಡುತ್ತಿದ್ದರು, ನಲವತ್ತು ವರ್ಷ ಸುಟ್ಟಿದ್ದೀರಿ ಅಮ್ಮ, ಇನ್ನು ಸಾಕಲ್ವಾ — ಸಾಕು ಅನ್ನೋಕೆ ನಾನೇನು ಊಟದ ಪಂಕ್ತಿಯಲ್ಲಿ ಕೂತಿದೀನಾ ಅಯ್ಯನವರೇ. ಅಷ್ಟು ಹೇಳಿ ಮುಗಿಸುವುದಕ್ಕೆ ಎಷ್ಟು ಹೊತ್ತು ಹಿಡಿಯಿತು, ನಾಲಿಗೆ ಒದ್ದೆ ಹಗ್ಗದ ಹಾಗೆ, ಆದರೂ ಆ ಮನುಷ್ಯ ನಡುವೆ ಬಾಯಿ ಹಾಕದೆ ಕೊನೆಯ ಅಕ್ಷರದವರೆಗೆ ಕಾದು ನಿಂತರು, ಎಷ್ಟು ಜನ ಹಾಗೆ ಕಾಯುತ್ತಾರೆ.

ಗಡಿಯಾರ ನೋಡಿ ಸುಡು ಅತ್ತಿಗೆ, ಎರಡು ನಿಮಿಷ ಈ ಕಡೆ, ಎರಡು ನಿಮಿಷ ಆ ಕಡೆ — ಅಡುಗೆಮನೆಯ ಆ ತುದಿಯಲ್ಲಿ ತರಕಾರಿ ಹೆಚ್ಚುತ್ತಿರುವ ನಾದಿನಿ, ಗಂಡನ ತಂಗಿ, ಅಣ್ಣ ತೀರಿಕೊಂಡ ಮೇಲೂ ಅತ್ತಿಗೆಯ ಜೊತೆಗೇ ಉಳಿದವಳು, ಬಾಯಿ ಮಾತ್ರ ಆ ಚಾಕುವಿಗಿಂತ ಹರಿತ. ಗಡಿಯಾರ ನೋಡಿ ಸುಡೋಕೆ ಇದೇನು ಬಿಸ್ಕತ್ತೇನೆ. ಅಮ್ಮ ಕಲಿಸಿದ್ದು ಬೇರೆ, ಒಂದು ಮಗ್ಗುಲಿಗೆ ಕರ್ತನು ಕಲಿಸಿದ ಪ್ರಾರ್ಥನೆ ಒಂದು ಸಲ, ಆಮೆನ್ ಅಂದೊಡನೆ ಮಗುಚು, ಆ ಮಗ್ಗುಲಿಗೆ ಇನ್ನೊಂದು ಸಲ, ಅವಸರವೂ ಬೇಡ, ಎಳೆಯುವುದೂ ಬೇಡ. ಆ ಲೆಕ್ಕ ತಪ್ಪಿದ್ದು ಒಂದೇ ಸಲ, ಆರು ವರ್ಷದ ಹಿಂದೆ, ಹತ್ತೊಂಬತ್ತರ ಮಗಳನ್ನು ನಾಲ್ಕೇ ದಿನದ ಜ್ವರ ಎತ್ತಿಕೊಂಡು ಹೋದ ವಾರ, ಬೇಡ ಅಂದವರನ್ನೆಲ್ಲ ದಾಟಿ ರೊಟ್ಟಿಯಮ್ಮ ಒಲೆ ಮುಂದೆ ಕೂತಳು, ನಿನ್ನ ಚಿತ್ತ ನೆರವೇರಲಿ ಎಂಬ ಸಾಲಿಗೆ ಬಂದರೆ ಗಂಟಲು ಮುಂದಕ್ಕೆ ಹೋಗದು, ಅಲ್ಲೇ ನಿಲ್ಲಿಸಿ ಮಗುಚಿದಳು, ಪ್ರತಿ ಹಾಳೆಯನ್ನೂ, ಅರ್ಧ ಪ್ರಾರ್ಥನೆಗೆ ಅರ್ಧ ಬೆಂದ ರೊಟ್ಟಿ, ಭಾನುವಾರ ಸಭೆಯಿಡೀ ಆ ಹಸಿ ಬಿಲ್ಲೆಯನ್ನು ಹಲ್ಲಿಗೆ ಅಂಟಿಸಿಕೊಂಡು ತಲೆ ಬಗ್ಗಿಸಿ ಕೂತಿತು, ಹೊರಗೆ ಬರುವಾಗ ಮುದಿ ಮೇಷ್ಟರು ಮಾತ್ರ, ಇವತ್ತು ನನ್ನ ಹಲ್ಲಿಗೆ ಸುಲಭವಾಯ್ತಮ್ಮ, ಅಂದರು. ಆ ಭಾನುವಾರದಿಂದ ನಾದಿನಿ ಆರಾಧನೆಗೆ ಕಾಲಿಟ್ಟಿಲ್ಲ. ನೀನು ಇಷ್ಟು ಸುಟ್ಟುಕೊಟ್ಟೆಯಲ್ಲ, ಆ ನಿನ್ನ ದೇವರು ನಿನಗೇನು ಕೊಟ್ಟ, ಅಂದಿದ್ದಳು, ಅತ್ತು ಅತ್ತು ಊದಿದ ಮುಖದಲ್ಲಿ. ರೊಟ್ಟಿಯಮ್ಮ ಬೆನ್ನು ನೆಟ್ಟಗಿಟ್ಟು ಮುಂದಿನ ಶನಿವಾರ ಹಿಟ್ಟು ಕಲಸಿದಳು, ಅದರ ಮುಂದಿನ ಶನಿವಾರವೂ, ಯಾವಾಗಲೋ ಒಂದು ದಿನ ಗಂಟಲು ಆ ಸಾಲನ್ನು ದಾಟಿತು, ಕೊಟ್ಟರೆ ಮಾತ್ರ ನಂಬುತ್ತೇನೆ ಅಂದರೆ ಅದೆಂಥ ನಂಬಿಕೆ, ಅದು ವ್ಯಾಪಾರ. ಈಗ ಗಂಟಲು ನೆಟ್ಟಗಿದೆ, ನಾಲಿಗೆ ಮೊಂಡು, ಆಮೆನ್ ಬರುವಷ್ಟರಲ್ಲಿ ರೊಟ್ಟಿ ಇದ್ದಿಲು — ಹನ್ನೆರಡನೆಯದೂ ಹೋಯಿತು.

ನಿನ್ನ ದೇವರಿಗಂತೂ ಅವಸರ ಇಲ್ಲ, ಒಲೆಗ್ಯಾಕೆ ಇಷ್ಟು ಅವಸರ ಅಂತ ಕೇಳು ಅತ್ತಿಗೆ, ಅಂದಳು ನಾದಿನಿ, ಕುಟುಕುವುದಕ್ಕೇ ಅಂದದ್ದು. ರೊಟ್ಟಿಯಮ್ಮ ಉರಿ ನೋಡಿದಳು. ನಲವತ್ತು ವರ್ಷದಿಂದ ಅಷ್ಟೇ ಎತ್ತರ, ಗಟ್ಟಿ ನಾಲಿಗೆಯ ಕಾಲದ ಎತ್ತರ, ಅದನ್ನು ಇಳಿಸಬಹುದೆಂದು ತೋಚಲೇ ಇಲ್ಲವಲ್ಲ, ಒಲೆಯ ತಿರುಪನ್ನು ಎಡಕ್ಕೆ ತಿರುಗಿಸಿದಳು, ಇನ್ನೂ ಸ್ವಲ್ಪ, ನೀಲಿ ಉರಿ ಬೆರಳಿನ ಉಗುರಷ್ಟಾಯಿತು. ಹಿಟ್ಟು ಹೊಯ್ದು ಅಚ್ಚು ಮುಚ್ಚಿ ಹಿಡಿಯನ್ನು ಮೊಣಕಾಲಿಗೆ ಒತ್ತಿಕೊಂಡು ಶುರು, ಮೊದಲೆಲ್ಲ ತಾನಾಗಿ ಉರುಳಿಕೊಂಡು ಹೋಗುತ್ತಿದ್ದ ಮಾತುಗಳು, ಈಗ ಒಂದೊಂದನ್ನೂ ತುಂಬಿದ ಕೊಡದ ಹಾಗೆ ಎತ್ತಿ ಇಡಬೇಕು, ನಿನ್ನ, ಚಿತ್ತ, ಜಾರಿಸಿಕೊಂಡು ಹೋಗುವ ಹಾಗಿಲ್ಲ, ಗೊತ್ತಿದ್ದೇ ಹೇಳಬೇಕು, ಹೇಳಿದಳು, ತಲೆ ಎತ್ತಿಕೊಂಡೇ ಹೇಳಿದಳು, ಮಗಳನ್ನು ಮಣ್ಣಿಗೆ ಕೊಟ್ಟ ಬಾಯಿ, ಲಕ್ವ ಓರೆ ಮಾಡಿದ ಬಾಯಿ, ಇದೇ ಬಾಯಿಂದ, ಆಮೆನ್, ಮಗುಚು, ಮತ್ತೆ ಮೊದಲಿಂದ. ಅಚ್ಚು ತೆರೆದರೆ ಬೆಳ್ಳಗೆ, ಅಂಚು ತುಸು ಹೊಂಬಣ್ಣ. ನಾದಿನಿಯ ಚಾಕು ನಿಂತಿತ್ತು.

ಎರಡಕ್ಕೆ ಸಭಾಪಾಲಕರು ಬಂದಾಗ ಹತ್ತನೆಯ ಹಾಳೆ ಬಿಳಿ ಬಟ್ಟೆಯ ಮೇಲೆ ಆರುತ್ತಿತ್ತು. ಅವರು ನೋಡಿದರು, ಚೀಲದಿಂದ ಇಣುಕುತ್ತಿದ್ದ ಪ್ಯಾಕೆಟ್ಟನ್ನು ಸದ್ದಾಗದಂತೆ ಒಳಕ್ಕೆ ತುರುಕಿದರು, ನಾಳೆ ಬೆಳಿಗ್ಗೆ ನೀವೇ ತರ್ತೀರಲ್ವಾ ಅಮ್ಮ. ತರ್ತೀನಿ, ನಾನೇ. ಅವರು ಹೋದ ಮೇಲೆ ನೆನಪಾಯಿತು, ಬೆಳಿಗ್ಗೆಯಿಂದ ನೀರೂ ಕುಡಿದಿಲ್ಲವಲ್ಲ, ಕೂತವಳು ಏಳಲಾರಳು, ಏಳುವುದೂ ಬೇಡ, ನಾಳೆ ಮುಂದಿನ ಬೆಂಚಿನಲ್ಲೇ ಕೂರಬೇಕು, ಕಂಬಕ್ಕೆ ಒರಗದೆ, ನೋಡುವವರು ನೋಡಲಿ — ಮುಂದೆ ನೆರಳು, ನಾದಿನಿ, ಮುಖ ಬೇರೆ ಕಡೆ, ತಟ್ಟೆಯೊಂದನ್ನು ನೀಡಿದಳು, ಬಿಸಿ ಅನ್ನ, ನಾಲಿಗೆಗೆ ಭಾರವಾಗದಂತೆ ಮೆತ್ತಗೆ ಕಿವುಚಿದ ತರಕಾರಿ, ಮತ್ತೆ ಚಮಚ, ತಟ್ಟೆಯ ಎಡಗಡೆಗೆ ಇಟ್ಟಿದ್ದ ಚಮಚ, ಹಿಡಿ ಅವಳ ಕಡೆಗೆ, ಎಡಗೈಗೆ ಸಿಗುವ ಹಾಗೆ.