ಟರ್ಬೊ ಅಲಿಯಾಸ್ ರೀ

ನಮ್ಮ ಯಜಮಾನರಿಗೆ ಬೇಕಾಗಿದ್ದದ್ದು ನಾಯಿಯಲ್ಲ, ರಿಬ್ಬನ್. ಇಲ್ಲಿ ಅಮೆರಿಕದ ಬೆಲ್ವ್ಯೂ ಆಫೀಸಿನಲ್ಲಿ ಅವರ ಎದುರಿಗೆ ಕೂರುವ ಉದಯ್, ತನ್ನ ಬಾರ್ಡರ್ ಕಾಲಿ ಜಾತಿಯ ನಾಯಿ ಗೆದ್ದ ರಿಬ್ಬನ್ನುಗಳನ್ನೆಲ್ಲ ಮಾನಿಟರಿನ ಸುತ್ತ ತೋರಣದ ಹಾಗೆ ಕಟ್ಟಿಕೊಂಡಿದ್ದ. ಅಜಿಲಿಟಿ ಅಂತ ಆ ಆಟದ ಹೆಸರು. ನಾಯಿ ಅಡ್ಡಗೋಲು ಹಾರಬೇಕು, ಬಟ್ಟೆಯ ಕೊಳವೆಯೊಳಗೆ ನುಗ್ಗಿ ಆಚೆ ಬರಬೇಕು, ನಡುವೆ ಆನಿಸಿ ಮೇಲೆಕೆಳಗೆ ತೂಗುವ ಸೀಸಾ ಹಲಗೆ ಹತ್ತಿ ಇಳಿಯಬೇಕು. ಯಜಮಾನ ಪಕ್ಕದಲ್ಲಿ ಓಡುತ್ತಾ ದಾರಿ ಹೇಳಬೇಕು. ಎರಡನೇ ಮಹಡಿಗೂ ಲಿಫ್ಟ್ ಕಾಯುವ ಮನುಷ್ಯರಿಗೆ ಇದೆಲ್ಲ ಯಾಕೆ ಬೇಕಿತ್ತೋ ನಾನರಿಯೆ. ಉದಯ್‌ಗೆ ಇದೆ, ತಮಗಿಲ್ಲ, ಅಷ್ಟು ಸಾಕಾಗಿತ್ತು.

ಯಜಮಾನರ ಹೆಸರು ಗುರುಪ್ರಸಾದ್. ಆಫೀಸಿನ ಬಿಳಿಯರು ಅದನ್ನು ಕತ್ತರಿಸಿ ಗುರು ಎಂದು ಕರೆಯುತ್ತಾರೆ. ಹಾಗೆ ಕರೆಸಿಕೊಂಡು ಕರೆಸಿಕೊಂಡು ಅವರಿಗೆ ತಾವು ಯಾರಿಗೆ ಏನು ಬೇಕಾದರೂ ಕಲಿಸಬಲ್ಲೆವು ಎಂಬ ಭ್ರಮೆ ಬಂದಿದೆ. ಜಾತಿ ನಾಯಿ ಕೊಂಡರೆ ಉದಯ್‌ನ ನಕಲು ಮಾಡಿದ ಹಾಗಾಗುತ್ತದೆ, ಅನಾಥ ನಾಯಿಯನ್ನು ತಂದು ಗೆಲ್ಲಿಸಿದರೆ ಅದರ ಗತ್ತೇ ಬೇರೆ ಎಂದು ಲೆಕ್ಕ ಹಾಕಿದರು. ಗೆದ್ದ ದಿನ ಫೋಟೋದ ಕೆಳಗೆ ಹಾಕಬೇಕಾದ ನಾಲ್ಕು ಸಾಲನ್ನು ನಾಯಿ ಸಿಗುವುದಕ್ಕೆ ಮೊದಲೇ ಬರೆದಿಟ್ಟುಕೊಂಡಿದ್ದರು. ನಾನೇ ಕಣ್ಣಾರೆ ನೋಡಿದ್ದೇನೆ.

ದಿಕ್ಕಿಲ್ಲದ ನಾಯಿಗಳನ್ನು ಸಾಕುವ ಶೆಲ್ಟರಿನಿಂದ ಬಂದದ್ದು ಯಾಕಿಮಾ ಕಡೆಯ ಸೇಬಿನ ತೋಟವೊಂದರಲ್ಲಿ ಸಿಕ್ಕಿದ್ದ ಕಂದು ನಾಯಿ. ಒಂದು ಕಿವಿಯ ತುದಿ ಹರಿದಿತ್ತು. ಮುಖ ಥೇಟ್ ನಮ್ಮ ಮೈಸೂರಿನ ಸರಸ್ವತೀಪುರಂನಲ್ಲಿ ಬೇಕರಿ ಮುಂದೆ ಮಲಗಿರುತ್ತಿದ್ದವುಗಳದ್ದು. ಮೊದಲ ತಿಂಗಳು ಊಟದ ಮೇಜಿನ ಕೆಳಗಿನಿಂದ ಹೊರಗೆ ಬರಲಿಲ್ಲ. ಬಾಗಿಲು ಧಡ್ ಎಂದರೆ ಸಾಕು, ಅಲ್ಲೇ ಉಚ್ಚೆ ಹೊಯ್ದುಬಿಡುತ್ತಿತ್ತು. ಇಂಥ ಪ್ರಾಣಿಗೆ ನಮ್ಮವರು ಟರ್ಬೊ ಎಂದು ಹೆಸರಿಟ್ಟರು.

ಇಸ್ಸಾಕ್ವಾದ ನಮ್ಮ ಮನೆ ಇರುವುದು ಗುಡ್ಡದ ಇಳಿಜಾರಿನಲ್ಲಿ. ಹಿತ್ತಲಿನಲ್ಲಿ ಇಟ್ಟ ಚೆಂಡು ನಿಲ್ಲುವುದಿಲ್ಲ, ಅಂಥ ಕಡೆ ಸೀಸಾ ತಂದು ನಿಲ್ಲಿಸಿದರು. ಎಕ್ಸೆಲ್ ಶೀಟಿನಲ್ಲಿ ನಾಯಿಗೆ ವಾರವಾರವೂ ಟಾರ್ಗೆಟ್ ಹಾಕಿದರು. "ಟರ್ಬೊ, ಹಿಯರ್!" ಎಂದು ಅಮೆರಿಕದವರ ಧಾಟಿಯಲ್ಲಿ ಕೂಗುತ್ತಿದ್ದರು. ನಾಯಿ ಬೇಲಿಯಾಚೆಯ ಮರ ನೋಡುತ್ತಾ ನಿಲ್ಲುತ್ತಿತ್ತು. "ಇವನದು ಫೋಕಸ್ ಪ್ರಾಬ್ಲಮ್" ಎಂದು ಒಳಗೆ ಬರುತ್ತಿದ್ದರು. ಮಗಳು ಶರ್ವಾಣಿಯ ಗಣಿತದ ಬಗ್ಗೆಯೂ ಅವರು ಹೇಳಿದ್ದು ಇದನ್ನೇ.

ನಾಯಿಗೆ ಹೆಸರು ಕಲಿಸುವ ಕ್ರಮವನ್ನು ಅಜಿಲಿಟಿ ಕ್ಲಾಸಿನ ಕೋಚ್ ಹೇಳಿಕೊಟ್ಟಿದ್ದಳು. ಹೆಸರು ಹೇಳು, ತಕ್ಷಣ ತಿನ್ನಲು ಕೊಡು. ದಿನಾ ಮಾಡು, ಬೇಸರಪಡಬೇಡ. ನಮ್ಮವರು ನಾಲ್ಕು ದಿನ ಮಾಡಿ ಬೇಸರಪಟ್ಟರು. ಅದನ್ನು ಒಂದೂವರೆ ವರ್ಷ ತಪ್ಪದೆ ಮಾಡಿದವಳು ನಾನು, ಮಾಡುತ್ತಿದ್ದೇನೆಂದು ನನಗೇ ಗೊತ್ತಿಲ್ಲದೆ. ಮದುವೆಯಾಗಿ ಹತ್ತೊಂಬತ್ತು ವರ್ಷವಾದರೂ ನಾನು ಗಂಡನನ್ನು ಕರೆಯುವುದು ರೀ ಎಂದೇ. ನಾನೂ ಫ್ರೀಮಾಂಟ್‌ನ ಆಫೀಸೊಂದರಲ್ಲಿ ಟೀಮ್ ನಡೆಸುವವಳು, ಆದರೂ ಬಾಯಿಗೆ ಬರುವುದು ಅದೇ. ದಿನಾ ಅಡುಗೆಮನೆಯಿಂದ "ರೀ, ಬನ್ನಿ, ಊಟಕ್ಕೆ" ಎಂದು ಮೂರು ಸಲ ಕೂಗುತ್ತೇನೆ. ಮೀಟಿಂಗಿನಲ್ಲಿರುವ ಯಜಮಾನರು ಬರುವುದಿಲ್ಲ. ನಾಯಿ ಬರುತ್ತಿತ್ತು. ಬಂದದ್ದಕ್ಕೆ ನಾನು ಚಪಾತಿ ಚೂರು ಹಾಕುತ್ತಿದ್ದೆ.

ಮೊದಲು ಕಂಡುಹಿಡಿದವಳು ಶರ್ವಾಣಿ. "ಅಮ್ಮಾ, ಹಿ ಥಿಂಕ್ಸ್ ಹಿಸ್ ನೇಮ್ ಈಸ್ ರೀ!" ಎಂದು ಬಿದ್ದು ಬಿದ್ದು ನಕ್ಕಳು. ಹಿತ್ತಲಿಗೆ ಹೋಗಿ ಪರೀಕ್ಷೆ ಮಾಡಿದೆವು. ಟರ್ಬೊ ಎಂದರೆ ಕಿವಿ ಅಲ್ಲಾಡಲಿಲ್ಲ. ರೀ ಎಂದೆ, ಅಷ್ಟೇ, ಇಳಿಜಾರೆಲ್ಲ ಏರಿ, ಎರಡು ಅಡ್ಡಗೋಲು ಹಾರಿ, ಅದು ಹೆದರುತ್ತಿದ್ದ ಸೀಸಾ ಮೇಲೇ ದಡದಡ ಓಡಿ ಬಂದು ನನ್ನ ಕಾಲಿಗೆ ಬಿತ್ತು.

ಸಂತೋಷದಿಂದ ಯಜಮಾನರಿಗೆ ಹೇಳಿದೆ. ಅವರ ಮುಖ ಹುಳ್ಳಗಾಯಿತು.

"ನಾನು ನಾಯೀನ ರೀ ಅನ್ಬೇಕಾ? ಉದಯ್ ಮುಂದೆ? ತಲೆ ಕೆಟ್ಟಿದ್ಯಾ ನಿಂಗೆ?"

"ಅದು ಅದಕ್ಕೇ ಬರೋದು ಕಣ್ರೀ. ನಾನೇನ್ ಮಾಡ್ಲಿ?"

"ನೀನು ಹಾಗೆ ಕರೆಯೋದು ನಿಲ್ಸು. ಅದು ಟರ್ಬೊ ಅಂದ್ರೇನೇ ಬರ್ಬೇಕು." ಸ್ವಲ್ಪ ತಡೆದು, ಫೋನ್ ನೋಡುತ್ತಾ ಹೇಳಿದರು, "ಬರೋ ಶನಿವಾರ ಟ್ರಯಲ್ ಇದೆ. ಕ್ವಾಲಿಫೈ ಆದ್ರೆ ಇರ್ಲಿ. ಇಲ್ಲಾಂದ್ರೆ ಸೋಮವಾರ ವಾಪಸ್ ಕೊಟ್ಬಿಡೋಣ. ಶೆಲ್ಟರ್‌ನವ್ರು ತಗೊಳ್ಳೇಬೇಕು, ಕಾಂಟ್ರ್ಯಾಕ್ಟ್‌ನಲ್ಲೇ ಇದೆ. ಉದಯ್ ಹೇಳಿದ ಬ್ರೀಡರ್ ಹತ್ರ ಒಂದು ಮರಿ ನೋಡಿದೀನಿ."

"ವಾಪಸ್ ಕೊಡೋಕೆ ಅದೇನು ಏರ್ ಫ್ರೈಯರ್ರಾ?"

ನನಗೆ ಸಿಟ್ಟು ನೆತ್ತಿಗೇರಿತು. ಸಿಟ್ಟಿಗಿಂತ ಹೆಚ್ಚಾಗಿ ಭಯವಾಯಿತು. ಉಚ್ಚೆ ಹೊಯ್ಯುವುದು ನಿಂತೇ ಆರು ತಿಂಗಳಾಗಿತ್ತು, ಇನ್ನೊಂದು ಬೋನಿಗೆ ಹಾಕಿದರೆ ಅದು ಮತ್ತೆ ಯಾವ ಮೇಜಿನ ಕೆಳಗೆ ಹೋಗಿ ಸೇರುತ್ತದೋ. ಆ ವಾರವಿಡೀ ನಾನು ಬಾಯಿ ಬಿಗಿಹಿಡಿದು, ರೀ ಅನ್ನದೆ, ಊಟಕ್ಕೆ ತಟ್ಟೆ ಬಡಿದು ಕರೆದೆ. ಯಾರೂ ಬರಲಿಲ್ಲ.

ಟ್ರಯಲ್ ಅನ್ನುವ ಆ ಪಂದ್ಯ ನಡೆದದ್ದು ಎನಮ್‌ಕ್ಲಾದಲ್ಲಿ, ಕುದುರೆ ಓಡಿಸುವ ದೊಡ್ಡ ಶೆಡ್ಡಿನೊಳಗೆ. ಉದಯ್, ಅವನ ಹೆಂಡತಿ ಸ್ಮಿತಾ, ಆಫೀಸಿನ ಇನ್ನೂ ನಾಲ್ಕು ಜನ ಕನ್ನಡದವರು ಮಡಚುವ ಕುರ್ಚಿ ಹಾಕಿಕೊಂಡು ಸಾಲಾಗಿ ಕೂತಿದ್ದರು. ನಮ್ಮವರೇ ಕರೆದಿದ್ದು. ಹೊಸ ಶೂ, ಮಣಿಕಟ್ಟಿಗೆ ಪಟ್ಟಿ, ಒಲಿಂಪಿಕ್ಸಿಗೆ ಹೊರಟವರ ಗಾಂಭೀರ್ಯ. ಹೊರಗಿನವರು ಯಾರಾದರೂ ನಾಯಿಯನ್ನು ಕರೆದರೆ, ಸನ್ನೆ ಮಾಡಿದರೆ, ನಾಯಿ ಅಲ್ಲಿಗೇ ಔಟ್. ಅದನ್ನು ನನಗೆ ಕಾರಿನಲ್ಲಿ ಮೂರು ಸಲ ಹೇಳಿದ್ದರು.

ಮೊದಲ ನಾಲ್ಕು ಅಡ್ಡಗೋಲನ್ನು ನಾಯಿ ಹಾರಿತು. ಕೊಳವೆಯೊಳಗೆ ಹೋಗಿ ಬಂತು. ಆಮೇಲೆ ಸೀಸಾ. ನಡುವಿನವರೆಗೆ ಹೋಗುತ್ತಿದ್ದಂತೆ ಹಲಗೆ ಅಲುಗಿತು. ನಾಯಿ ಹೊಟ್ಟೆ ಹಚ್ಚಿ ಮಲಗಿಬಿಟ್ಟಿತು. ಹಲಗೆ ಮೇಲೆಕೆಳಗೆ ತೂಗುತ್ತಿತ್ತು, ನಾಯಿ ಅದರ ಮೇಲೆ ಗಡಗಡ ನಡುಗುತ್ತಿತ್ತು.

"ಟರ್ಬೊ! ಟರ್ಬೊ, ಹಿಯರ್! ಕಮಾನ್ ಬಡ್ಡಿ!"

ಟರ್ಬೊ ಯಾರೆಂದು ನಾಯಿಗೆ ಗೊತ್ತಿರಲಿಲ್ಲ. ಗಡಿಯಾರ ಓಡುತ್ತಿತ್ತು. ನಮ್ಮವರು ಬಾಯಿ ತೆರೆದರು. ಅವರ ನಾಲಿಗೆಯ ಮೇಲೆ ಅದು ಬಂದಿತ್ತು, ನಾನು ನೋಡಿದೆ. ಅಷ್ಟರಲ್ಲಿ ಕುರ್ಚಿಗಳ ಕಡೆ ಕಣ್ಣು ಹಾಯಿಸಿದರು. ಉದಯ್ ಫೋನ್ ಎತ್ತಿ ಹಿಡಿದು ವಿಡಿಯೋ ಮಾಡುತ್ತಿದ್ದ. ನಮ್ಮವರು ಬಾಯಿ ಮುಚ್ಚಿಕೊಂಡರು. ಒಂದೇ ಒಂದು ಅಕ್ಷರ, ಅದನ್ನು ಹೇಳಲು ಆ ಮನುಷ್ಯರಿಂದ ಆಗಲಿಲ್ಲ. ಹೆಂಡತಿ ದಿನಕ್ಕೆ ನೂರು ಸಲ ಅನ್ನುವುದು, ತಾವು ಒಂದು ಸಲ ಅಂದರೆ ಕಿರೀಟ ಉರುಳುತ್ತದೆ!

ನಾನು ಕರೆದರೆ ನಾಯಿ ಔಟ್. ಔಟಾದರೆ ಸೋಮವಾರ ಹೋಗುತ್ತದೆ. ಅದಕ್ಕಾಗಿ ಹಲ್ಲು ಕಚ್ಚಿಕೊಂಡು ನಿಂತೆ. ಎಷ್ಟು ಹೊತ್ತು ನಿಂತೆನೋ, ಈಗಲೂ ನೆನೆದರೆ ನನ್ನ ಮೇಲೇ ಅಸಹ್ಯವಾಗುತ್ತದೆ. ಆಗ ಹಲಗೆಯಿಂದ ಉಚ್ಚೆ ತೊಟ್ಟಿಕ್ಕತೊಡಗಿತು. ಪಕ್ಕದಲ್ಲಿ ಯಾರೋ ನಕ್ಕರು.

"ರೀ!" ಎಂದು ಕೂಗಿದೆ. "ರೀ, ಬನ್ನಿ!"

ಎಂದಿನಂತೆಯೇ, ಯಜಮಾನರು ತಿರುಗಲಿಲ್ಲ. ನಾಯಿ ಹಲಗೆಯಿಂದ ನೆಗೆದು, ಮಣ್ಣು ಹಾರಿಸಿಕೊಂಡು ಓಡಿಬಂದು, ಅಖಾಡದ ಬೇಲಿಯ ಕೆಳಗೆ ನುಸುಳಿ, ಮಂಡಿಯೂರಿದ ನನ್ನ ಮಡಿಲಿಗೆ ಬಿತ್ತು. ಜಡ್ಜ್ ಸೀಟಿ ಊದಿದಳು. ಕುರ್ಚಿಗಳ ಸಾಲಿನಲ್ಲಿ ಹೊಟ್ಟೆ ಹಿಡಿದುಕೊಂಡು ನಗು. "ಅಯ್ಯೋ, ನಾಯೀಗೂ ರೀ ಅಂತೀರಾ?" ಎಂದಳು ಸ್ಮಿತಾ, ಕಣ್ಣೊರೆಸಿಕೊಳ್ಳುತ್ತಾ.

ನಮ್ಮವರು ಹೊರಗೆ ಬಂದರು. ಮುಖ ಕೆಂಡವಾಗಿತ್ತು.

"ಮಾನ ಕಳೆದೆ. ಎಲ್ಲರ ಮುಂದೆ ಮಾನ ಕಳೆದೆ. ಇನ್ನೊಂದ್ ನಿಮಿಷ ಸುಮ್ನಿದ್ದಿದ್ರೆ ಬರ್ತಿತ್ತು ಅದು. ಆಯ್ತಲ್ಲ? ಈಗ್ಲೇ ಶೆಲ್ಟರ್‌ನವ್ರಿಗೆ ಮೇಲ್ ಹಾಕ್ತೀನಿ. ಸೋಮವಾರ ಬೆಳಿಗ್ಗೆ ಬಂದು ತಗೊಂಡ್ಹೋಗ್ಲಿ." ಫೋನಿನ ಮೇಲೆ ಬೆರಳಾಡಿಸುತ್ತಾ ಪಾರ್ಕಿಂಗ್ ಕಡೆ ದಾಪುಗಾಲು ಹಾಕಿದರು.

ನಾಯಿ ನನ್ನ ತೋಳಿನ ಸಂದಿಯಲ್ಲಿ ಮೂತಿ ತೂರಿಸಿ ಇನ್ನೂ ನಡುಗುತ್ತಿತ್ತು. ನಾನು ಎದ್ದು ಅದನ್ನು ಹಿಡಿದುಕೊಂಡು ಹಿಂದೆಯೇ ಹೋದೆ.

"ಗುರುಪ್ರಸಾದ್!"

ಅವರ ಕಾಲು ಗಕ್ಕನೆ ನಿಂತಿತು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿ, ಒಂದೇ ಸಲ ಕರೆದದ್ದಕ್ಕೆ ತಿರುಗಿ ನೋಡಿದರು. ಹಿಂದೆ ಕುರ್ಚಿ ಮಡಚುತ್ತಿದ್ದ ಸ್ಮಿತಾ, ಉದಯ್ ಕೂಡ ನಗು ನಿಲ್ಲಿಸಿದರು.

"ಫೋನ್ ಒಳಗಿಡು," ಎಂದೆ. "ಇದು ಎಲ್ಲಿಗೂ ಹೋಗಲ್ಲ. ಕಳಿಸ್ಲೇಬೇಕು ಅಂದ್ರೆ ಇದರ ಜೊತೆ ನಾನೂ ಹೋಗ್ತೀನಿ. ಯೋಚ್ನೆ ಮಾಡಿ ಟೈಪ್ ಮಾಡು."

ನನ್ನ ಮುಖ ನೋಡಿದ. ಫೋನನ್ನು ಜೇಬಿಗೆ ಹಾಕಿಕೊಂಡ. ಹೋಗಿ ಕಾರಿನ ಹಿಂದಿನ ಬಾಗಿಲು ತೆಗೆದು ನಿಂತ.

"ರೀ, ಹತ್ತಿ," ಎಂದೆ.

ನಾಯಿ ಹತ್ತಿತು. ಗುರುಪ್ರಸಾದ್ ಬಾಗಿಲು ಹಾಕಿದ.