ಸಂಚಕಾರ ಕೊಟ್ಟ ಔಷಧಿ

ನನ್ನ ತಾಯಿ ಪೀರಾಂಬಿ ನನ್ನ ಮುಖ ನೋಡಿ ಯಾರು ನೀನೆಂದು ಕೇಳಿದ ದಿನವೇ ನಾನು ಡಾಕ್ಟರ್ ಗುರುಪಾದಯ್ಯನವರ ದೇಣಿಗೆ ಡಬ್ಬಿ ಹಿಡಿದೆ. ಮುಪ್ಪಿನ ಮರೆವಿಗೆ ಔಷಧಿ ಹುಡುಕುವ ಕೆಲಸಕ್ಕೆ ಅವರು ಹಣ ಕೂಡಿಸುತ್ತಿದ್ದರು. ಅದು ೧೯೭೮.

ನಾನು ತಿಕೋಟಾದ ದ್ರಾಕ್ಷಿ ದಲಾಲ. ದಲಾಲನ ನಾಲಿಗೆ ಸುಮ್ಮನಿರುತ್ತದೆಯೇ? ಹಣ್ಣು ಕೀಳುವ ಮೊದಲೇ ಸಂಚಕಾರ, ಅಂದರೆ ಮುಂಗಡ, ಕೊಟ್ಟು ವ್ಯಾಪಾರ ಗಟ್ಟಿ ಮಾಡಿಕೊಳ್ಳುವುದು ನಮ್ಮಲ್ಲಿ ರೂಢಿ. ಮಾಲು ಕೊಡದವನು ಅದರ ಎರಡು ಪಟ್ಟು ಕಕ್ಕಬೇಕು. "ಇದೂ ಔಷಧಿಗೆ ಸಂಚಕಾರ ಇದ್ದಂಗ. ಮೊದಲ ಕೊಟ್ಟವರಿಗೆ ಮೊದಲ ಸಿಗತೈತಿ" ಎಂದು ಮನೆಮನೆಗೆ ಹೇಳಿದೆ. ನಾನೂ ಹಾಗೆಯೇ ನಂಬಿದ್ದೆ. ಮನೆಯಲ್ಲಿ ಮುದುಕರಿದ್ದವರೆಲ್ಲ ಕೊಟ್ಟರು. ಪಕ್ಕದ ಮನೆಯ ಮಲಕವ್ವ ಎರಡು ಆಡು ಮಾರಿ ಕೊಟ್ಟಳು. ಡಬ್ಬಿ ಮುಟ್ಟಿಸುವ ದಿನ ತಾನೂ ಬರುತ್ತೇನೆಂದು ನನ್ನೊಂದಿಗೆ ವಿಜಾಪುರದ ಬಸ್ಸು ಹತ್ತಿದಳು.

ಸ್ಟೇಷನ್ ರಸ್ತೆಯ ದವಾಖಾನೆಯಲ್ಲಿ ಡಬ್ಬಿಯನ್ನು ಮೇಜಿನ ಮೇಲಿಟ್ಟು ಕೇಳಿದೆ: "ಸಾಹೇಬ್ರ, ಔಷಧಿ ಯಾವಾಗ ಕೊಡ್ತೀರಿ?"

ಡಾಕ್ಟರು ಗಾಬರಿಯಾದರು. "ಔಷಧಿ ಎಲ್ಲೈತ್ರಿ ಅಬ್ದುಲಸಮದ? ಈಗ ಹುಡುಕಾಕತ್ತೇವಿ. ಮೂವತ್ತು ವರ್ಷ ಆಗಬಹುದು. ಸಿಗದನೂ ಇರಬಹುದು."

"ನಮ್ಮ ಅಮ್ಮಾಗ?"

"ಆಕಿಗೆ ಮುಟ್ಟೂದಿಲ್ರಿ."

ಪಿತ್ತ ನೆತ್ತಿಗೇರಿತು. "ಹಂಗಾದ್ರ ಎರಡು ಪಟ್ಟು ಎಣಸ್ರಿ!" ಎಂದು ಅರಚಿದೆ.

ಅವರು ವಾದಿಸಲಿಲ್ಲ. "ನಾ ದಾನ ಅಂದ್ಕೊಂಡಿದ್ದೆ. ಒಯ್ಯಿರಿ" ಎಂದು ಡಬ್ಬಿಯನ್ನು ನನ್ನತ್ತ ಸರಿಸಿದರು. ನಾನು ಎತ್ತಿಕೊಳ್ಳುವಷ್ಟರಲ್ಲಿ ಮಲಕವ್ವ ಅದರ ಮೇಲೆ ಕೈಯಿಟ್ಟಳು.

"ನಂದು ಇಲ್ಲೇ ಇರಲಿ."

"ಔಷಧಿ ಇಲ್ಲಂತ ಬೇ! ಕೇಳಿಸ್ಲಿಲ್ಲೇನು?"

"ಕೇಳಿಸ್ತು ಯಪ್ಪಾ. ನಮ್ಮನಿಯವ್ರು ಹೋಗಿ ಎರಡು ವರ್ಷ ಆತು. ನಾ ಯಾರಿಗೆ ಔಷಧಿ ಒಯ್ಯಲಿ?"

ಅವಳ ಗಂಡ ಖಂಡಪ್ಪನ ಮಣ್ಣಿಗೆ ನಾನೇ ಹೋಗಿದ್ದೆ! ಆದರೂ ಅವಳಿಂದ ಹಣ ಇಸಿದುಕೊಳ್ಳುವಾಗ ಯಾರಿಗಾಗಿ ಕೊಡುತ್ತೀಯೆಂದು ಒಂದು ಮಾತು ಕೇಳಿರಲಿಲ್ಲ.

"ಕಡೀ ದಿನ ಗುರುತು ಹತ್ತದ ನನ್ನ ನೋಡಿ ಹೆದರಿ, ಮೂಲ್ಯಾಗ ಕುಂತು ಅತ್ರು" ಎಂದಳು. "ಇನ್ನೊಬ್ಬಾಕಿ ಅದನ್ನ ನೋಡಬಾರದು."

ನನಗೆ ನಾಚಿಕೆಯಾಯಿತು. ಊರಿಗೆ ಹೋಗಿ, ಔಷಧಿ ಸಿಗುವುದಿಲ್ಲವೆಂದು ಪ್ರತಿ ಮನೆಗೂ ಹೇಳಬೇಕು. ಹಣ ವಾಪಸು ಕೇಳಿದವರಿಗೆ ನನ್ನ ಕಿಸೆಯಿಂದಲೇ ಕೊಡಬೇಕು. ನನ್ನ ತಾಯಿ ಇನ್ನೆಂದೂ ನನ್ನ ಹೆಸರು ಹಿಡಿದು ಕರೆಯುವುದಿಲ್ಲವೆಂದು ಗೊತ್ತಿದ್ದೂ ಡಬ್ಬಿಯನ್ನು ಡಾಕ್ಟರ ಕಡೆಗೆ ತಳ್ಳಿದೆ.