ಭಾವನ ತೂಕದ ಮರಳು

ಭಾವನ ಹಳೆಯ ಸ್ಪೋರ್ಟ್ಸ್ ಕಾರಿನ ಟೈರುಗಳು ಮೂರನೇ ಸಲವೂ ಒಳ ಅಂಚಿನಲ್ಲೇ ಸವೆದಿದ್ದವು. ಮೆಕ್ಯಾನಿಕ್ ಭಾವಮೈದುನನಿಗೆ ಮೈಯೆಲ್ಲ ಉರಿಯಿತು. ನೆಲಕ್ಕೆ ತಾಗುವಷ್ಟು ತಗ್ಗಿಸಿದ ಕಾರು ಅದು. ಓಡಿಸುವವರ ತೂಕವನ್ನು ಸೀಟಿನ ಮೇಲಿಟ್ಟೇ ಅದರ ಚಕ್ರಗಳ ಓರೆ ತಿದ್ದುವ ಅಲೈನ್‌ಮೆಂಟ್ ಮಾಡಬೇಕು; ತೂಕ ಬದಲಾದರೆ ಟೈರು ಒಂದೇ ಅಂಚಿನಲ್ಲಿ ಸವೆಯುತ್ತದೆ. ಅವನು ಭಾವನ ತೂಕದ ಲೆಕ್ಕಕ್ಕೆ ನೂರಹತ್ತು ಕಿಲೋ ಮರಳಿನ ಚೀಲ ಹೇರಿ, ಕೂದಲೆಳೆಯಷ್ಟೂ ತಪ್ಪದಂತೆ ಮಾಡಿದ್ದ.

“ನಿನ್ನ ಕೆಲಸಾನೇ ಸರಿಯಿಲ್ಲ,” ಎಂದ ಭಾವ, ಮನೆಯಂಗಳದಲ್ಲಿ ಕಾರಿನ ಕೀಲಿ ಕೊಡುತ್ತ. “ನಾನು ಓಡ್ಸೋದೇ ಭಾನುವಾರ ಒಂದಿನ. ಬೇರೆ ಯಾರೂ ಮುಟ್ಟಲ್ಲ.”

ವಾರಕ್ಕೊಂದು ದಿನ ಓಡುವ ಕಾರಿನ ಟೈರು ಎರಡೇ ತಿಂಗಳಲ್ಲಿ ಬೋಳಾಗುತ್ತದೆಯೇ? ಈ ಮಹಾನುಭಾವ ಕದ್ದುಮುಚ್ಚಿ ರೇಸಿಗೆ ಹೋಗುತ್ತಾನೆ ಎಂದು ಮೆಕ್ಯಾನಿಕ್ ಹಲ್ಲು ಕಡಿಯುತ್ತ ಕಾರಿನೊಳಗೆ ತೂರಿದ. ತೂರಿದವನ ಮೊಣಕಾಲು ಸ್ಟೀರಿಂಗಿಗೆ ಬಡಿಯಿತು. ಸೀಟು ಪೂರ್ತಿ ಮುಂದಕ್ಕೆ ಸರಿದಿತ್ತು. ಅಷ್ಟು ಜಾಗದಲ್ಲಿ ಭಾವನ ಹೊಟ್ಟೆಯಿರಲಿ, ಅವನ ಊಟದ ಡಬ್ಬಿಯೂ ಹಿಡಿಸುತ್ತಿರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಅಕ್ಕ, ಯಾರೂ ಕೇಳದಿದ್ದರೂ, “ನಂಗಂತೂ ಅದರ ಬಾಗಿಲು ತೆಗೆಯೋಕೂ ಬರಲ್ಲಪ್ಪ,” ಎಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು.

ಭಾವ ಗೇಟು ತೆಗೆಯಲು ಹೋದ ಹೊತ್ತು ನೋಡಿ ಮೆಕ್ಯಾನಿಕ್ ಕಿಟಕಿಯಿಂದ ತಲೆ ಹೊರಹಾಕಿ ಮೆಲ್ಲಗೆ ಕೇಳಿದ:

“ಅಕ್ಕಾ, ನಿನ್ನ ತೂಕ ಎಷ್ಟು?”

ಅಕ್ಕನ ಮುಖ ಕೆಂಪೇರಿತು. ಗೇಟಿನ ಕಡೆ ಒಮ್ಮೆ ನೋಡಿ ಪಿಸುಗುಟ್ಟಿದಳು:

“ನಲವತ್ತೆಂಟು. ಅವರಿಗೆ ಹೇಳ್ಬೇಡ ಕಣೋ.”